ಜೋಡಿ ಸ್ಟ್ರಾಲರ್ ಕೊಳ್ಳುವ ಮುನ್ನ ಬಾಗಿಲು ಅಳೆಯಿರಿ

ಕಲಬುರಗಿಯ ಹಲವು ಮನೆಗಳಲ್ಲಿ ಜೋಡಿ ಸ್ಟ್ರಾಲರ್, ಅಂದರೆ ಇಬ್ಬರು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ, ಅಂಗಳದ ಮೂಲೆ ಹಿಡಿದು ನಿಂತದ್ದನ್ನು ನೋಡಿದ್ದೇನೆ. ಅದರ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಗಾಲಿಗಳಿನ್ನೂ ಹೊಸದರಂತೆಯೇ ಇರುತ್ತವೆ. ಅವಳಿ ಮಕ್ಕಳಾದ ಸಂಭ್ರಮದಲ್ಲೋ, ಮೊದಲ ಮಗುವಿಗೆ ಎರಡು ತುಂಬುವ ಮೊದಲೇ ಇನ್ನೊಂದು ಬಂತೆಂದೋ ಮೊಬೈಲ್‌ನಲ್ಲಿ ಚಿತ್ರ ನೋಡಿ ತರಿಸಿದ ಗಾಡಿಗಳಿವು. ಗಾಡಿಯಲ್ಲಿ ದೋಷವಿರುವುದಿಲ್ಲ. ಆದರೆ ಅದು ಆ ಮನೆಯ ಬಾಗಿಲಿಗೂ ಓಣಿಗೂ ಹೊಂದುವುದಿಲ್ಲ. ಎರಡು ಕೂಸುಗಳ ತಾಯಿ ಒಬ್ಬಳೇ ಹೊರಗೆ ಹೋಗಿಬರಲು ಬೇಕಾದ ವಸ್ತು ಹೀಗೆ ಮೂಲೆ ಸೇರಬಾರದು.

ಮೊದಲು, ಬೇಕೇ ಎಂದು ನಿರ್ಧರಿಸಿ. ದೊಡ್ಡ ಮಗುವಿಗೆ ಮೂರು ವರ್ಷ ದಾಟಿದ್ದರೆ ಬೇಡ. ಆ ವಯಸ್ಸಿನ ಮಗುವಿನ ತೂಕ ಸುಮಾರು 14 ಕೆ.ಜಿ. ಇರುತ್ತದೆ, ಎಷ್ಟೋ ಗಾಡಿಗಳ ಒಂದು ಆಸನದ ಮಿತಿಯೇ 15 ಕೆ.ಜಿ. ಒಂಟಿ ಸ್ಟ್ರಾಲರ್‌ನ ಹಿಂದೆ ಸಿಕ್ಕಿಸುವ, ಮಗು ನಿಂತು ಸಾಗುವ ಹಲಗೆ ಸಿಗುತ್ತದೆ, ಅದೇ ಸಾಕು.

ಎರಡನೆಯದು, ಬಗೆ. ಆಸನಗಳು ಅಕ್ಕಪಕ್ಕ ಇರುವ ಗಾಡಿ ಒಂದು, ಹಿಂದೆಮುಂದೆ ಇರುವುದು ಇನ್ನೊಂದು. ಅಕ್ಕಪಕ್ಕದ್ದು ಸಾಮಾನ್ಯವಾಗಿ 75 ಸೆಂ.ಮೀ. ಆಸುಪಾಸು ಅಗಲವಿರುತ್ತದೆ. ಹಿಂದೆಮುಂದಿನದು 60ರ ಸುಮಾರು, ಆದರೆ ಉದ್ದ ಒಂದು ಮೀಟರ್ ದಾಟುತ್ತದೆ. ಇಬ್ಬರಿಗೂ ಸಮನಾದ ನೋಟ, ಸುಲಭ ತಿರುವು ಎಂದು ಅಂಗಡಿಯವರು ಅಕ್ಕಪಕ್ಕದ್ದನ್ನೇ ಹೊಗಳುತ್ತಾರೆ. ಅದು ಸುಳ್ಳಲ್ಲ. ಆದರೂ ಹಳೆಯ ಮನೆ, ಕಿರಿದಾದ ಓಣಿ ಇರುವವರು ಹಿಂದೆಮುಂದಿನದನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಳತೆ. ಎಲ್ಲರೂ ಎಡವುವುದು ಇಲ್ಲಿಯೇ. ಬಾಗಿಲ ಚೌಕಟ್ಟಿಗೆ ಟೇಪು ಹಿಡಿದು ‘ಎರಡೂವರೆ ಅಡಿ ಇದೆ, ಸಾಕು’ ಎನ್ನುತ್ತಾರೆ. ಎರಡೂವರೆ ಅಡಿ ಎಂದರೆ 76 ಸೆಂ.ಮೀ. ಆದರೆ ಕದ ಪೂರ್ತಿ ಗೋಡೆಗೆ ಒರಗದಿದ್ದರೆ ಅದರ ದಪ್ಪವೇ ಮೂರು-ನಾಲ್ಕು ಸೆಂ.ಮೀ. ನುಂಗುತ್ತದೆ, ಚಿಲಕದ ಹಿಡಿ ಇನ್ನಷ್ಟು ನುಂಗುತ್ತದೆ. ಆದ್ದರಿಂದ ಕದ ತೆರೆದಿಟ್ಟು, ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಮ್ಮೆ, ಚಿಲಕದ ಮಟ್ಟದಲ್ಲಿ ಒಮ್ಮೆ ಅಳೆಯಿರಿ. ಎರಡರಲ್ಲಿ ಕಡಿಮೆ ಬಂದದ್ದೇ ನಿಜವಾದ ಅಗಲ. ಅದರಿಂದ ಐದು ಸೆಂ.ಮೀ. ಕಳೆಯಿರಿ. ಇಲ್ಲದಿದ್ದರೆ ಮಗು ಹೊರಚಾಚಿದ ಕೈ ಚೌಕಟ್ಟಿಗೆ ತಗಲುತ್ತದೆ.

ಟೇಪಿಗಿಂತ ಕೋಲು ನಂಬಿಕಸ್ಥ. ನಿಮಗೆ ಮೆಚ್ಚುಗೆಯಾದ ಗಾಡಿಯ ಅಗಲಕ್ಕೆ ಸರಿಯಾಗಿ ಒಂದು ಕೋಲು ಕತ್ತರಿಸಿ, ಅದನ್ನು ಮೊಣಕಾಲ ಮಟ್ಟದಲ್ಲಿ ಅಡ್ಡ ಹಿಡಿದು ನಡೆಯಿರಿ. ಮಲಗುವ ಕೋಣೆಯಿಂದ ಪಡಸಾಲೆ, ಮುಂಬಾಗಿಲು, ಗೇಟು, ಅಲ್ಲಿಂದ ಓಣಿಯ ತುದಿಯವರೆಗೆ ಹೋಗಿ. ಸಂಜೆಯ ಹೊತ್ತಿಗೇ ಹೋಗಬೇಕು, ಬೈಕುಗಳೆಲ್ಲ ಮನೆಗೆ ಬಂದು ಓಣಿಯಲ್ಲಿ ನಿಲ್ಲುವುದು ಆಗಲೇ. ಬೀದರಿನ ಹಳೇ ಊರಿನ ಕಾವಲು ಗೋಪುರ ಚೌಬಾರಾದ ಸುತ್ತಲಿನ ಕಿರಿದಾದ ಓಣಿಗಳಲ್ಲಿ ವಾಸಿಸುವವರಿಗೆ ಈ ನಡಿಗೆ ಕಡ್ಡಾಯವೆಂದೇ ತಿಳಿಯಿರಿ. ಹಿಂದೆಮುಂದಿನ ಗಾಡಿಯಾದರೆ ಅದರ ಉದ್ದಕ್ಕೆ ಇನ್ನೊಂದು ಕೋಲು ಬೇಕು, ಮೂಲೆ ತಿರುಗುವಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಡ್ಡಿಯಾಗುವುದು ಉದ್ದವೇ. ಹೊಸ್ತಿಲಿನ ಎತ್ತರವನ್ನೂ ಬರೆದುಕೊಳ್ಳಿ. ಹೊಸ್ತಿಲು ದಾಟಲು ಹಿಡಿಕೆಯನ್ನು ಕೆಳಗೊತ್ತಿ ಮುಂದಿನ ಗಾಲಿ ಎತ್ತಬೇಕು. ಭಾರದ ಮಗು ಮುಂದೆ ಕುಳಿತಿದ್ದರೆ ಇದಕ್ಕೆ ರಟ್ಟೆಯಲ್ಲಿ ಬಲ ಬೇಕು. ಬಾಣಂತನದಿಂದ ಈಗಷ್ಟೇ ಎದ್ದವರು, ಅದರಲ್ಲೂ ಶಸ್ತ್ರಚಿಕಿತ್ಸೆಯ ಹೆರಿಗೆಯಾದವರು ಅದನ್ನು ಮಾಡಬಾರದು. ಹೊಸ್ತಿಲಿಗೆ ಮರದ ಇಳಿಜಾರು ಹಲಗೆ ಮಾಡಿಸಿ.

ಅಂಗಡಿಗೆ ಹೋಗುವಾಗ ಹತ್ತು ಕೆ.ಜಿ.ಯ ಒಂದು, ಐದು ಕೆ.ಜಿ.ಯ ಒಂದು ಜೋಳದ ಚೀಲ ಒಯ್ಯಿರಿ. ಬರಿಗಾಡಿ ಎಲ್ಲವೂ ಹಗುರವಾಗಿಯೇ ಓಡುತ್ತದೆ. ಚೀಲಗಳನ್ನು ಆಸನಕ್ಕೆ ಬಿಗಿದು, ಒಂದೇ ಕೈಯಲ್ಲಿ ತಳ್ಳಿ ತಿರುಗಿಸಿ ನೋಡಿ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಚಿಕ್ಕ ಗಾಲಿಗಳಿಗೆ ಮೆತ್ತಿಕೊಂಡರೆ ಅವು ಉರುಳುವುದೇ ಇಲ್ಲ. ಮುಂದೆ ಜೋಡಿಜೋಡಿಯಾಗಿ ಸಣ್ಣ ಗಾಲಿಗಳಿರುವ ಮಾದರಿಯಲ್ಲಿ ಮಣ್ಣು ನಡುವೆ ಸಿಕ್ಕಿ ಗಟ್ಟಿಯಾಗುತ್ತದೆ, ಕಡ್ಡಿಯಿಂದ ಕೆರೆದು ತೆಗೆಯಬೇಕು. ಗಾಲಿ ದೊಡ್ಡದಿರಲಿ, ಒಂಟಿಯಾಗಿರಲಿ. ಗಾಳಿ ತುಂಬುವ ಟೈರು ಬೇಡವೇ ಬೇಡ, ಜಾಲಿಮುಳ್ಳಿಗೆ ಅದು ಬಾಳುವುದಿಲ್ಲ. ಒಳಗೆ ಫೋಮ್ ತುಂಬಿದ ಗಾಲಿಯೇ ಮೇಲು.

ಬ್ರೇಕನ್ನು ಚಪ್ಪಲಿ ಹಾಕಿಕೊಂಡೇ ಪರೀಕ್ಷಿಸಿ. ಕೆಲವು ಗಾಡಿಗಳಲ್ಲಿ ಬ್ರೇಕು ಬಿಡಲು ಪೆಡಲನ್ನು ಕಾಲ್ಬೆರಳಿನಿಂದ ಮೇಲೆತ್ತಬೇಕು. ಶೂ ಹಾಕಿದವರಿಗೆ ಅದು ಗೊತ್ತಾಗುವುದಿಲ್ಲ, ಚಪ್ಪಲಿಯವರ ಬೆರಳು ತರಚುತ್ತದೆ. ಒಮ್ಮೆ ಒತ್ತಿದರೆ ಹಿಂದಿನ ಎರಡೂ ಗಾಲಿ ಬಿಗಿಯಾಗಬೇಕು. ಬೆಲ್ಟು ಎರಡು ಭುಜ, ಎರಡು ಸೊಂಟ, ತೊಡೆಗಳ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವಂಥದ್ದಿರಲಿ. ಸೊಂಟಕ್ಕೆ ಮಾತ್ರ ಬೆಲ್ಟಿರುವ ಅಗ್ಗದ ಗಾಡಿಯನ್ನು ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ಬಳಸಬೇಡಿ.

ಆರು ತಿಂಗಳೊಳಗಿನ ಕೂಸಿಗೆ ಆಸನ ಪೂರ್ತಿ ಮಲಗುವಂತಿರಬೇಕು. ಅರೆ ಕುಳಿತ ಭಂಗಿಯಲ್ಲಿ ತಲೆ ಮುಂದಕ್ಕೆ ಬಾಗಿ, ಗದ್ದ ಎದೆಗೆ ತಗುಲಿ ಉಸಿರಾಟದ ದಾರಿ ಕಿರಿದಾಗುತ್ತದೆ. ಬೇರೆಯಾಗಿ ಮಾರುವ ತಲೆದಿಂಬುಗಳು ಇದನ್ನು ಇನ್ನೂ ಕೆಡಿಸುತ್ತವೆ, ಕೊಳ್ಳಬೇಡಿ. ಹಿಂದೆಮುಂದಿನ ಗಾಡಿಗಳಲ್ಲಿ ಹಲವು ಸಲ ಒಂದು ಆಸನ ಮಾತ್ರ ಪೂರ್ತಿ ಮಲಗುತ್ತದೆ. ಅವಳಿ ಶಿಶುಗಳಿದ್ದರೆ ಎರಡನ್ನೂ ಮಲಗಿಸಿ ನೋಡಿಯೇ ದುಡ್ಡು ಕೊಡಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಪ್ಪು ಬಟ್ಟೆಯ ಗಾಡಿ ಬೇಡ, ಬೆನ್ನಿಗೆ ಜಾಲರಿ ಇರಲಿ. ನೆರಳಿಗೆಂದು ಗಾಡಿಯ ಮೇಲೆ ದುಪಟ್ಟಾ ಹೊದಿಸುವುದನ್ನು ದಿನವೂ ನೋಡುತ್ತೇನೆ. ದಯವಿಟ್ಟು ಬಿಡಿ, ಗಾಳಿಯಾಡದೆ ಒಳಗಿನ ಶಾಖ ಏರುತ್ತದೆ, ಮಗು ಬಳಲಿದ್ದು ಹೊರಗಿನಿಂದ ಕಾಣುವುದೂ ಇಲ್ಲ. ಪ್ಲಾಸ್ಟಿಕ್ ಮಳೆ ಹೊದಿಕೆ ಅದಕ್ಕಿಂತ ಕೆಟ್ಟದ್ದು, ಮಳೆ ನಿಂತ ಕೂಡಲೇ ತೆಗೆಯಿರಿ.

ಕೊನೆಗೆ, ಮಡಚಿ ನೋಡಿ. ಇಂಥ ಗಾಡಿ 12ರಿಂದ 15 ಕೆ.ಜಿ. ತೂಗುತ್ತದೆ. ಮಾರುವವರು ಮಡಚಿ ತೋರಿಸಿದರೆ ಸಾಲದು, ಮನೆಯಲ್ಲಿ ದಿನವೂ ಎತ್ತುವವರೇ ಮಡಚಬೇಕು, ಎತ್ತಬೇಕು. ಸಾಧ್ಯವಾದರೆ ಅಂಗಡಿ ಮುಂದಿನ ಆಟೊದವರನ್ನು ಕೇಳಿ ಒಮ್ಮೆ ಒಳಗಿಟ್ಟು ನೋಡಿ, ಇಬ್ಬರು ಮಕ್ಕಳೊಂದಿಗೆ ಕೂರಲು ಜಾಗ ಉಳಿಯಬೇಕು. ಹೈದರಾಬಾದ್ ಅಥವಾ ಸೋಲಾಪುರದಲ್ಲಿ ಕೊಳ್ಳುವವರು ಬಿಡಿ ಗಾಲಿ ಕಲಬುರಗಿಗೆ ತರಿಸಿಕೊಡುತ್ತಾರೆಯೇ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.