ಮನೆ ಅಲಾರಂಗೆ ವೈಫೈ ಒಂದೇ ಸಾಲದು

ಊರಿಗೆ ಹೋದಾಗ ಮನೆ ಕಾಯಲಿ ಅಂತ ಅಲಾರಂ ಹಾಕಿಸೋರಿಗೆ ಒಂದು ಮಾತು. ಬರೀ ವೈಫೈ ಇರೋ ಪ್ಯಾನೆಲ್ (ಅಲಾರಂನ ಮುಖ್ಯ ಡಬ್ಬ) ತಗೋಬೇಡಿ, ಸಿಮ್ ಹಾಕೋಕೂ ಜಾಗ ಇರಲಿ. ಹೋದ ಮಳೆಗಾಲದಲ್ಲಿ ನಾವು ತೀರ್ಥಹಳ್ಳಿಯಲ್ಲಿದ್ದಾಗ ಇಲ್ಲಿ ಕರೆಂಟ್ ಹೋಯ್ತು. ಪ್ಯಾನೆಲ್‌ಗೆ ಬ್ಯಾಟರಿ ಇತ್ತು, ರೂಟರ್‌ಗೆ ಇರಲಿಲ್ಲ. ರಾತ್ರಿಯಿಡೀ ಆ್ಯಪ್‌ನಲ್ಲಿ 'ಆಫ್‌ಲೈನ್'. ನಿದ್ದೆ ಬಂದಿದ್ರೆ ಕೇಳಿ! ಈಗ ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇಟ್ಟಿದ್ದೀನಿ. ಇಂಟರ್ನೆಟ್ ಕೇಬಲ್ ಬಂದು ಸೇರೋ ಫೈಬರ್ ಬಾಕ್ಸ್ ರೂಟರ್‌ನಿಂದ ಬೇರೆಯಾಗಿದ್ದರೆ ಅದಕ್ಕೂ ಬೇಕು, ಅದನ್ನ ಮರೆಯೋರೇ ಜಾಸ್ತಿ.

ಸಿಮ್‌ದು ಇನ್ನೊಂದು ಕಥೆ. ಅಗ್ಗದ ಎಷ್ಟೋ ಪ್ಯಾನೆಲ್‌ಗಳಲ್ಲಿ 2ಜಿ ಮಾತ್ರ ಇರುತ್ತೆ. ಜಿಯೋಗೆ 2ಜಿ ನೆಟ್‌ವರ್ಕೇ ಇಲ್ಲ, ಅದರ ಸಿಮ್ ಅಲ್ಲಿ ನಡೆಯಲ್ಲ. ಡಬ್ಬದ ಮೇಲೆ 4ಜಿ ಅಂತ ಇದೆಯಾ ನೋಡಿಕೊಂಡೇ ದುಡ್ಡು ಕೊಡಿ. ಬ್ರಾಡ್‌ಬ್ಯಾಂಡ್ ಒಂದು ಕಂಪನಿಯದಾದ್ರೆ ಸಿಮ್ ಇನ್ನೊಂದರದ್ದು ಇರಲಿ. ಪ್ಯಾನೆಲ್ ಕೂರಿಸೋ ಜಾಗದಲ್ಲೇ ಮೊಬೈಲ್ ಹಿಡಿದು ಸಿಗ್ನಲ್ ನೋಡಿ. ನಮ್ಮನೆ ಮೆಟ್ಟಿಲ ಕೆಳಗೆ ಒಂದು ಕಡ್ಡಿಯೂ ಬರಲ್ಲ. ರೀಚಾರ್ಜ್ ಮುಗಿಯೋ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ತಿಂಗಳಿಗೊಮ್ಮೆ ರೂಟರ್ ಆಫ್ ಮಾಡಿ ಬಾಗಿಲು ತೆಗೀರಿ, ಫೋನ್ ಬರುತ್ತಾ ನೋಡಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ, ಸೈರನ್ ಕೇಳಿ ಗಾಬರಿಯಾದಾರು.