ಬೆಂಗಾವಲಿನ ದೂರವನ್ನು ಚಿತ್ರಕ್ಕೆ ತಂದ ಬಗೆ

ಎರಡನೆಯ ಮಹಾಯುದ್ಧದ ಬಾಂಬರ್‌ಗಳನ್ನೂ ಅವುಗಳ ಬೆಂಗಾವಲಿಗೆ ಹಾರಿದ ಫೈಟರ್‌ಗಳನ್ನೂ ಒಂದೇ ಕ್ಯಾನ್ವಾಸಿನಲ್ಲಿ ತರಹೊರಟವರಿಗೆ ಮೊದಲು ಎದುರಾಗುವುದು ದೂರದ ತೊಡಕು. ಇಂಥ ಚಿತ್ರಗಳಲ್ಲಿ ಬಹುಪಾಲಿನವು ಫೈಟರನ್ನು ಬಾಂಬರಿನ ರೆಕ್ಕೆಗೆ ತಾಗುವಷ್ಟು ಹತ್ತಿರ ಕೂರಿಸುತ್ತವೆ. ಬಾಂಬರ್‌ಗಳ ವೇಗ ಕಡಿಮೆಯಾದ್ದರಿಂದ ನೇರವಾಗಿ ಹಾರಿದರೆ ಅವುಗಳನ್ನು ದಾಟಿ ಹೋಗಬೇಕಾಗುತ್ತಿದ್ದ ಬೆಂಗಾವಲಿನವರು, ವಾಸ್ತವದಲ್ಲಿ ಸಾಮಾನ್ಯವಾಗಿ ಸಾವಿರಾರು ಅಡಿ ಮೇಲೆ ಅಂಕುಡೊಂಕಾಗಿ ಸುಳಿಯುತ್ತಿದ್ದರು. ಮೂತಿಯನ್ನು ತಮ್ಮತ್ತ ತಿರುಗಿಸಿದ ಒಂಟಿ ಎಂಜಿನ್ನಿನ ವಿಮಾನ ಯಾವುದೇ ಆಗಿರಲಿ, ಬಾಂಬರಿನ ಗನ್ನರ್‌ಗಳು ಅದರ ಮೇಲೆ ಗುಂಡು ಹಾರಿಸುವ ಸಂಭವವೂ ಇತ್ತು. ಆದರೆ ಈ ದೂರವನ್ನು ಇದ್ದಂತೆಯೇ ಬರೆದರೆ ಫೈಟರ್ ಒಂದು ಚುಕ್ಕೆಯಾಗಿ ಉಳಿಯುತ್ತದೆ.

ಇದೇ ಕಾರಣಕ್ಕೆ ನಾನು ಅಮೆರಿಕದ 332ನೇ ಫೈಟರ್ ಗ್ರೂಪನ್ನು ಆರಿಸಿಕೊಂಡೆ. ಟಸ್ಕೀಗಿಯಲ್ಲಿ ತರಬೇತಿ ಪಡೆದ ಕಪ್ಪು ಜನಾಂಗದ ಪೈಲಟ್‌ಗಳ ಈ ಪಡೆ, 1944ರ ಬೇಸಿಗೆಯಲ್ಲಿ ಇಟಲಿಯ ರಾಮಿಟೆಲ್ಲಿಯಿಂದ ಪಿ-51 ಮಸ್ಟ್ಯಾಂಗ್‌ಗಳಲ್ಲಿ ಹಾರತೊಡಗಿತ್ತು. ಅವುಗಳ ಬಾಲ ಪೂರ್ತಿ ಕೆಂಪು. ದೂರದಿಂದಲೇ ಗುರುತು ಹತ್ತಲೆಂದು ಬಳಿದ ಆ ಬಣ್ಣ ನನ್ನ ಕೆಲಸವನ್ನೂ ಹಗುರಗೊಳಿಸಿತು. ಫೈಟರ್ ಎಷ್ಟೇ ಚಿಕ್ಕದಾಗಿದ್ದರೂ ನೀಲಿಯ ನಡುವಿನ ಕೆಂಪು ಕಣ್ಣನ್ನು ಅಲ್ಲಿಗೆ ಎಳೆಯುತ್ತದೆ.

ಬಾಂಬರಾಗಿ ಬಿ-24 ಲಿಬರೇಟರನ್ನು ತೆಗೆದುಕೊಂಡದ್ದರಲ್ಲಿ ಸ್ವಲ್ಪ ಊರಿನ ಅಭಿಮಾನವೂ ಸೇರಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿಗೆ ಹಾರಿಸಿ ತಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿ ಮಾಡಿ, ಭಾರತೀಯ ವಾಯುಪಡೆ 1968ರವರೆಗೂ ಬಳಸಿತು.

ಅಳತೆಗಾಗಿ 1/72ರ, ಎಂದರೆ ನಿಜವಾದ ವಿಮಾನದ ಎಪ್ಪತ್ತೆರಡನೇ ಒಂದು ಪಾಲಿನಷ್ಟಿರುವ, ಪ್ಲಾಸ್ಟಿಕ್ ಮಾದರಿಗಳನ್ನು ತಾರಸಿಯ ಬೆಳಗಿನ ಬಿಸಿಲಿನಲ್ಲಿ ತಂತಿಗೆ ತೂಗುಹಾಕಿ ಫೋಟೊ ತೆಗೆದೆ. ಈ ಪ್ರಮಾಣದಲ್ಲಿ ಲಿಬರೇಟರಿನ ರೆಕ್ಕೆಯ ಹರವು ಸುಮಾರು 47 ಸೆಂಟಿಮೀಟರ್, ಮಸ್ಟ್ಯಾಂಗಿನದು 16. ಸಾವಿರ ಅಡಿಯ ದೂರವೆಂದರೆ 4.2 ಮೀಟರ್. ಮೂರು ಸಾವಿರ ಅಡಿ ಮೇಲಿರಬೇಕಾದ ಫೈಟರನ್ನು ನಮ್ಮ ಮನೆಯ ನೆತ್ತಿಗಿಂತಲೂ ಎತ್ತರದಲ್ಲಿ ಕಟ್ಟಬೇಕಾಗುತ್ತಿತ್ತು. ಅಲ್ಲಿಂದ ಮುಂದಿನದನ್ನು ಪರ್ಸ್‌ಪೆಕ್ಟಿವ್ ಗೆರೆಗಳನ್ನು ಎಳೆದೇ ಲೆಕ್ಕಹಾಕಿದೆ. ಮಾದರಿಯನ್ನು ಕುರುಡಾಗಿ ನಂಬುವಂತೆಯೂ ಇಲ್ಲ: ನಿಂತ ಮಸ್ಟ್ಯಾಂಗಿನಲ್ಲಿ ಚಕ್ರದ ಒಳಬಾಗಿಲುಗಳು ಜೋತುಬಿದ್ದಿರುತ್ತವೆ, ಹಾರುವಾಗ ಮುಚ್ಚಿರುತ್ತವೆ.

ರೆಕ್ಕೆಯಡಿಯ ಹೆಚ್ಚುವರಿ ಇಂಧನದ ಟ್ಯಾಂಕುಗಳನ್ನು ಬರೆಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸದೆ ಕುಂಚ ಎತ್ತಬಾರದು. ಶತ್ರು ವಿಮಾನಗಳು ಮೇಲೆರಗಿದ ಕೂಡಲೇ ಪೈಲಟ್‌ಗಳು ಅವುಗಳನ್ನು ಕಳಚಿ ಬೀಳಿಸುತ್ತಿದ್ದರು. ಆದ್ದರಿಂದ ಟ್ಯಾಂಕ್ ಇದ್ದರೆ ಕಾದಾಟ ಇನ್ನೂ ಆರಂಭವಾಗಿಲ್ಲವೆಂದು ಅರ್ಥ. ಟ್ಯಾಂಕ್ ಹೊತ್ತುಕೊಂಡೇ ಜರ್ಮನಿಯ ಮೆಸ್ಸರ್‌ಶ್ಮಿಟ್ ಫೈಟರನ್ನು ಅಟ್ಟುವ ಮಸ್ಟ್ಯಾಂಗ್ ಕಂಡರೆ ನನಗೆ ಕಸಿವಿಸಿಯಾಗುತ್ತದೆ. ರೊಮೇನಿಯದ ಪ್ಲೊಯೆಷ್ಟಿಯ ತೈಲ ಶುದ್ಧೀಕರಣಾಗಾರಗಳತ್ತ ಸಾಗುವ ದಾರಿ ನನ್ನ ವಿಷಯವಾದ್ದರಿಂದ ಮೇಲಿನ ನಾಲ್ಕು ಫೈಟರ್‌ಗಳಿಗೂ ಟ್ಯಾಂಕ್ ಉಳಿಸಿದೆ.

ಬಣ್ಣ ಬಳಿಯದ ಅಲ್ಯೂಮಿನಿಯಮ್ ಮೈಯನ್ನು ತೈಲವರ್ಣದಲ್ಲಿ ತರುವಾಗ ಬೂದುಬಣ್ಣದ ಗೋಜಿಗೆ ಹೋಗದಿರುವುದೇ ಲೇಸು. ಮೇಲ್ಮೈಗೆ ಆಕಾಶದ ಗಾಢ ನೀಲಿ, ಹೊಟ್ಟೆಯ ಕಡೆಗೆ ಕೆಳಗಿನ ಮೋಡದ ಬೆಳ್ಳಗಿನ ಹೊಳಪು, ಎರಡೂ ಕೂಡುವ ಕಡೆ ಸಣ್ಣದೊಂದು ಗಡಸು ಅಂಚು ಕೊಟ್ಟರೆ ಲೋಹ ತಾನಾಗಿ ಮೂಡುತ್ತದೆ. ಇಪ್ಪತ್ತು ಸಾವಿರ ಅಡಿಯ ಮೇಲೆ ನೆತ್ತಿಯ ಆಕಾಶ ನಾವು ನೆಲದಿಂದ ನೋಡುವುದಕ್ಕಿಂತ ಕಪ್ಪಾಗಿರುತ್ತದೆ; ಅದಕ್ಕೆ ಅಲ್ಟ್ರಾಮರೀನ್ ಸಾಲದೆ ಕೊಂಚ ಪ್ರಷಿಯನ್ ನೀಲಿ ಬೆರೆಸಿದೆ. ಬಾಲದ ಕೆಂಪಿಗೆ ಕ್ಯಾಡ್ಮಿಯಮ್ ರೆಡ್ ಬಳಸಿ, ದೂರದ ವಿಮಾನಗಳಲ್ಲಿ ಅದನ್ನು ತುಸು ತಣ್ಣಗಾಗಿಸಿದೆ.

ಈ ಪಡೆ ಬೆಂಗಾವಲಿಗಿದ್ದಾಗ ಒಂದೂ ಬಾಂಬರ್ ಶತ್ರು ಫೈಟರ್‌ಗಳಿಗೆ ಬಲಿಯಾಗಲಿಲ್ಲವೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅಮೆರಿಕದ ವಾಯುಪಡೆಯ ಇತಿಹಾಸಕಾರರು ದಾಖಲೆಗಳನ್ನು ತಾಳೆ ನೋಡಿ 27 ಬಾಂಬರ್‌ಗಳ ನಷ್ಟವನ್ನು ಗುರುತಿಸಿದ್ದಾರೆ. ಪೈಲಟ್‌ಗಳ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ, ಆದರೆ ಆ ದಂತಕಥೆಯನ್ನು ಚಿತ್ರದಲ್ಲಿ ಮುಂದುವರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಒಂದು ಎಂಜಿನ್ ನಿಂತು ಸಾಲಿನಿಂದ ಹಿಂದೆ ಬಿದ್ದ ಲಿಬರೇಟರೊಂದನ್ನು ಎಡಗಡೆ ಕೆಳಗೆ ಬರೆದೆ. ಹೀಗೆ ಒಂಟಿಯಾದ ಬಾಂಬರಿನ ಜೊತೆಗೆ ಫೈಟರ್‌ಗಳು ಹತ್ತಿರದಲ್ಲೇ ಹಾರಿ ಕಾವಲು ಕೊಟ್ಟದ್ದುಂಟು. ಹಾಗಾಗಿ ಎರಡು ಮಸ್ಟ್ಯಾಂಗ್‌ಗಳನ್ನು ಅಲ್ಲಿ ಮಾತ್ರ, ಗನ್ನರ್‌ಗಳಿಗೆ ಪಕ್ಕದ ಮೈ ಪೂರ್ತಿ ಕಾಣುವಂತೆ ಅಡ್ಡಲಾಗಿ, ದೊಡ್ಡದಾಗಿ ಬರೆಯಲು ಅವಕಾಶ ಸಿಕ್ಕಿತು.