ಕೌಂಟರ್ ಪಕ್ಕ ಕೂತು ಬರೆದ ವೆಬ್‌ಸೈಟು

ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರು ಬರೆದ ಸುದ್ದಿ ತಿದ್ದಿದವನು ನಾನು. ಆ ಕೆಲಸ ಬಿಟ್ಟು ಊರ ಕಡೆ ಬಂದ ಮೇಲೆ ವೆಬ್‌ಸೈಟುಗಳಿಗೆ ಕನ್ನಡದಲ್ಲಿ ಬರೆದುಕೊಡೋದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಹೋಂಸ್ಟೇ, ನರ್ಸರಿ, ದಂತವೈದ್ಯರ ಕ್ಲಿನಿಕ್ಕು ಹೀಗೆ ಸಿಕ್ಕಿದ್ದೆಲ್ಲ ಬರೆದಿದ್ದೇನೆ. ಆದರೆ ಈ ಕೆಲಸ ನಿಜವಾಗಿ ಕಲಿತದ್ದು ಮಲೆನಾಡಿನ ಒಂದು ಪತ್ತಿನ ಸಹಕಾರ ಸಂಘಕ್ಕೆ ಬರೆಯುವಾಗ.

ಅವರಿಗೆ ಮೊದಲೇ ಒಂದು ವೆಬ್‌ಸೈಟ್ ಇತ್ತು. ತೆರೆದ ಕೂಡಲೇ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು ಹುಟ್ಟಿದ ಕತೆ ಬರುತ್ತಿತ್ತು. ಅಲ್ಲಿಂದ ಮುಂದೆ ಅಧ್ಯಕ್ಷರ ಸಂದೇಶ, ಉಪಾಧ್ಯಕ್ಷರ ಸಂದೇಶ, ನಿರ್ದೇಶಕರ ಫೋಟೊಗಳು. ಕಣಗಿನಹಾಳದ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಮಗನ ಫೀಸಿಗೆ ದುಡ್ಡು ಹೊಂದಿಸೋಕೆ ಒದ್ದಾಡುತ್ತಿರುವವರಿಗೆ ಅದು ಮೊದಲ ಪುಟದಲ್ಲಿ ಬೇಕಾ? ಬಡ್ಡಿ ದರ ಎಲ್ಲಿದೆ ಅಂತ ಹುಡುಕಿದರೆ, ಕಚೇರಿ ಹೊರಗೆ ಕಟ್ಟಿದ ಫ್ಲೆಕ್ಸನ್ನೇ ಫೋಟೊ ತೆಗೆದು ಹಾಕಿದ್ದರು. ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಅಂಕಿಗಳೆಲ್ಲ ಮಸುಕು.

ನಾನು ವಾರವಿಡೀ ಕೂತು ಹೊಸದಾಗಿ ಬರೆದೆ. ಚೆನ್ನಾಗಿ ಬಂತು ಅಂತಲೇ ಅಂದುಕೊಂಡೆ. ನಮ್ಮಮ್ಮ ಆ ಸಂಘದ ಸದಸ್ಯೆ, ಇಪ್ಪತ್ತು ವರ್ಷದಿಂದ ಪಿಗ್ಮಿ ಕಟ್ಟುತ್ತಿದ್ದಾಳೆ. ಅವಳಿಗೆ ಓದಿ ಹೇಳಿದೆ. ಎರಡು ಪ್ಯಾರಾ ಕೇಳಿ, "ಯಾರಾ ಬರೆದಿದ್ದು ಇದು? ತಾಲ್ಲೂಕು ಆಫೀಸಿಂದ ನೋಟೀಸು ಬಂದ ಹಾಗಿದೆ" ಅಂದಳು. ನಾನೇ ಬರೆದಿದ್ದು ಅನ್ನೋಕೆ ಬಾಯಿ ಬರಲಿಲ್ಲ.

ಮಾರನೇ ದಿನ ಕಾರ್ಯದರ್ಶಿಗಳ ಹತ್ತಿರ ಹೋಗಿ, ಎರಡು ದಿನ ಕೌಂಟರ್ ಪಕ್ಕ ಒಂದು ಕುರ್ಚಿ ಕೊಡಿ ಸಾಕು ಅಂದೆ. ಅವರಿಗೆ ಅದು ವಿಚಿತ್ರ ಅನಿಸಿತು. "ಸಾರ್, ಬರೆಯೋಕೆ ಒಳಗೆ ರೂಮಿದೆಯಲ್ಲ, ಫ್ಯಾನೂ ಇದೆ" ಅಂದರು. ನಾನು ಕೌಂಟರ್ ಪಕ್ಕವೇ ಕೂತೆ. ಕೈಯಲ್ಲಿ ನೂರು ಪುಟದ ನೋಟ್‌ಬುಕ್ಕು. ಬಂದವರು ಏನು ಕೇಳುತ್ತಾರೋ ಅದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳೋದು, ಅಷ್ಟೇ ಕೆಲಸ.

ಒಬ್ಬ ಹೆಂಗಸು ಕರಿಮಣಿ ಸರ ತಂದಿದ್ದರು. ಕರ್ಚೀಫಿನಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕವರನ್ನು ಬ್ಯಾಗಿನ ತಳದಲ್ಲಿ ಇಟ್ಟಿದ್ದರು. "ತಂಗೀ, ಇದಕ್ಕೆ ಎಷ್ಟು ಬರ್ತದೆ?" ಅಂತ ಮೊದಲು ಕೇಳಿದರು. ಆಮೇಲೆ, "ಕೊನೆ ಕೊಯ್ಲು ಆದ ಮೇಲೆ ಬಿಡಿಸ್ಕೊಂಡ್ರೆ ಆಗ್ತದಾ?" ಅಂದರು. ಅಡಿಕೆ ಕೈಗೆ ಬಂದ ಮೇಲೆ ತೀರಿಸಬಹುದಾ ಅಂತ ಅದರ ಅರ್ಥ. ಮೂರನೇ ಪ್ರಶ್ನೆ ದನಿ ತಗ್ಗಿಸಿ ಬಂತು: "ತಡ ಆದ್ರೆ ಹರಾಜು ಹಾಕ್ತೀರಾ?"

ಒಡವೆ ತೂಗಿ ಬೆಲೆ ಕಟ್ಟುವ ಸರಾಫರು ಸರವನ್ನು ತಕ್ಕಡಿಗೆ ಹಾಕಿದರು. 18 ಗ್ರಾಂ ಚಿಲ್ಲರೆ ತೋರಿಸಿತು. ಕರಿಮಣಿಯ ತೂಕ ಕಳೆದು 13 ಗ್ರಾಂ ಅಂತ ಬರೆದರು. ಹೆಂಗಸಿನ ಮುಖ ಸಣ್ಣದಾಯಿತು. ಮೋಸ ಏನೂ ಆಗಿರಲಿಲ್ಲ. ಬಂಗಾರಕ್ಕೆ ಸಾಲ, ಮಣಿಗೆ ಸಾಲ ಇಲ್ಲ, ಎಲ್ಲ ಕಡೆ ಇದೇ ಲೆಕ್ಕ. ಆದರೆ ಅವರು ಮನೆಯಿಂದ 18 ಗ್ರಾಮಿನ ಲೆಕ್ಕ ಹಾಕಿಕೊಂಡು ಬಂದಿದ್ದರು. ಈ ಒಂದು ಮಾತು ವೆಬ್‌ಸೈಟಿನಲ್ಲಿ ಇರಬೇಕಿತ್ತು ಅಂತ ಆಗ ಹೊಳೆಯಿತು. ಅಲ್ಲಿ ಇದ್ದದ್ದು ಇದು:

"ಸಂಘದ ಸದಸ್ಯತ್ವವನ್ನು ಹೊಂದಿರುವ ಹಾಗೂ ಸಂಘದ ನಿಯಮಾವಳಿಗಳಿಗೆ ಬದ್ಧರಾಗಿರುವ ಅರ್ಹ ಗ್ರಾಹಕರಿಗೆ ಅವರ ತುರ್ತು ಆರ್ಥಿಕ ಅವಶ್ಯಕತೆಗಳನ್ನು ಪೂರೈಸುವ ಸಲುವಾಗಿ ಚಿನ್ನಾಭರಣಗಳ ಭದ್ರತೆಯ ಮೇಲೆ ಆಕರ್ಷಕ ಬಡ್ಡಿದರದಲ್ಲಿ ಸಾಲ ಸೌಲಭ್ಯವನ್ನು ಒದಗಿಸಲಾಗುವುದು."

ಇದರಲ್ಲಿ ತಪ್ಪು ಕನ್ನಡ ಒಂದೂ ಇಲ್ಲ. ಓದುವವರಿಗೆ ಸಿಗೋದೂ ಏನೂ ಇಲ್ಲ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಹಿಂದೆ 'ಹೊಂದಿರುವ', 'ಬದ್ಧರಾಗಿರುವ' ಅಂತ ಬೋಗಿ ಜೋಡಿಸುತ್ತಾ ಹೋದರೆ ಓದುಗ ಕೊನೆಯ ಪದದವರೆಗೂ ಉಸಿರು ಹಿಡಿದು ಕಾಯಬೇಕು. ಫೋನಿನಲ್ಲಿ ಯಾರು ಕಾಯುತ್ತಾರೆ? ಅಷ್ಟು ಕಾದವರಿಗೂ ಸಿಗೋದು 'ಒದಗಿಸಲಾಗುವುದು'. ಒದಗಿಸುವವರು ಯಾರು, ಯಾವಾಗ ಅನ್ನೋದು ಅಲ್ಲೂ ಇಲ್ಲ.

ಈ 'ಲಾಗು' ಕಾಯಿಲೆ ನನಗೂ ಇತ್ತು. ನಾನು ಬರೆದ ಕರಡನ್ನೇ ತೆರೆದು 'ಲಾಗು' ಅಂತ ಹುಡುಕು ಕೊಟ್ಟೆ. ಒಂದೇ ಪುಟದಲ್ಲಿ ಒಂಬತ್ತು ಕಡೆ ಸಿಕ್ಕಿತು. ನೀಡಲಾಗುತ್ತದೆ, ಸ್ವೀಕರಿಸಲಾಗುವುದಿಲ್ಲ, ಪರಿಗಣಿಸಲಾಗುವುದು. ಡೆಸ್ಕಿನಲ್ಲಿ ಪ್ರಕಟಣೆಗಳನ್ನು ತಿದ್ದಿ ತಿದ್ದಿ ಕೈಗೆ ಅಂಟಿದ ಚಟ. ಇವತ್ತಿಗೂ ಏನೇ ಬರೆದರೂ ಕೊನೆಗೆ ಆ ಎರಡು ಅಕ್ಷರ ಹುಡುಕಿಯೇ ಕಳುಹಿಸೋದು. ಎಲ್ಲ ತೆಗೆಯಬೇಕಾಗಿಲ್ಲ, ಆದರೆ ಹತ್ತರಲ್ಲಿ ಎಂಟು ಹೋಗುತ್ತವೆ.

ಬಂಗಾರದ ಸಾಲದ ಪುಟ ಕೊನೆಗೆ ಹೀಗೆ ಶುರುವಾಯಿತು:

"ಒಡವೆ ಅಡವಿಟ್ಟು ಸಾಲ ಪಡೆಯಬಹುದು. ಈ ಸಾಲ ಸದಸ್ಯರಿಗೆ ಮಾತ್ರ. ಕಲ್ಲು, ಕರಿಮಣಿ, ಅರಗು ಇವುಗಳ ತೂಕ ಕಳೆದು ಉಳಿದ ಬಂಗಾರಕ್ಕೆ ಸಾಲ ಕೊಡುತ್ತೇವೆ. ಬರುವಾಗ ಒಡವೆ, ಆಧಾರ್ ಕಾರ್ಡ್, ಎರಡು ಫೋಟೊ ತನ್ನಿ. ಅವಧಿ ಒಂದು ವರ್ಷ. ಕೈಯಲ್ಲಿ ದುಡ್ಡು ಬಂದಾಗ ಅದಕ್ಕಿಂತ ಮೊದಲೂ ಬಿಡಿಸಿಕೊಳ್ಳಬಹುದು."

ಹರಾಜಿನ ವಿಷಯಕ್ಕೆ ಬೇರೆಯೇ ಒಂದು ಪ್ಯಾರಾ ಕೊಟ್ಟೆ. ಎಷ್ಟು ದಿನ ತಡವಾದರೆ ನೋಟೀಸು ಬರುತ್ತದೆ, ನೋಟೀಸು ಬಂದರೆ ಏನು ಮಾಡಬೇಕು, ಬಡ್ಡಿ ಮಾತ್ರ ಕಟ್ಟಿ ಮುಂದುವರಿಸಬಹುದಾ. ನಿರ್ದೇಶಕರೊಬ್ಬರು, ಹರಾಜು ಅನ್ನೋ ಪದ ಯಾಕೆ, ಜನ ಹೆದರುತ್ತಾರೆ ಅಂದರು. ಜನ ಹೆದರಿಕೊಂಡೇ ಬರುತ್ತಾರೆ ಸಾರ್, ನಾವು ಸುಮ್ನಿದ್ದರೆ ಇನ್ನೂ ಹೆದರುತ್ತಾರೆ ಅಂದೆ. ಆ ಪ್ಯಾರಾ ಉಳಿಯಿತು.

'ಅಡ' ಅನ್ನೋ ಪದ ಅಷ್ಟು ಸುಲಭವಾಗಿ ಉಳಿಯಲಿಲ್ಲ. ಅಧ್ಯಕ್ಷರಿಗೆ ಅದು ಮರ್ಯಾದೆಗೆ ಕಮ್ಮಿ ಅನಿಸಿತು. "ಇದೇನು ಗಿರವಿ ಅಂಗಡಿಯೇನ್ರೀ?" ಅಂದರು. ಅವರ ಮಾತಿನಲ್ಲೂ ಸ್ವಲ್ಪ ಹುರುಳಿತ್ತು. ಅಡ ಇಡೋದು ಅಂದರೆ ನಾಲ್ಕು ಜನರ ಎದುರು ಹೇಳೋ ವಿಷಯ ಅಲ್ಲವಲ್ಲ. ತಲೆಬರಹದಲ್ಲಿ 'ಬಂಗಾರದ ಸಾಲ', ಒಳಗಿನ ಮೊದಲ ಸಾಲಿನಲ್ಲಿ ಮಾತ್ರ 'ಅಡವಿಟ್ಟು' ಅಂತ ರಾಜಿಯಾಯಿತು. ಕೆಳಗೆ ಒಂದು ಕಡೆ 'ಗೋಲ್ಡ್ ಲೋನ್' ಅಂತಲೂ ಸೇರಿಸಿದೆ. ಹುಡುಗರು ಗೂಗಲ್‌ನಲ್ಲಿ ಹುಡುಕೋದು ಹಾಗೇ.

ಜನ ಪೂರ್ತಿ ಓದಲ್ಲ ಅನ್ನೋದನ್ನು ಅಧ್ಯಕ್ಷರಿಗೆ ಒಪ್ಪಿಸೋದು ಇನ್ನೂ ಕಷ್ಟವಾಯಿತು. ಅಮೆರಿಕದಲ್ಲಿ ನೆಲೆಸಿದ, ಡೆನ್ಮಾರ್ಕ್ ಮೂಲದ ವೆಬ್ ತಜ್ಞ ಜೇಕಬ್ ನೀಲ್ಸನ್ 1997ರಲ್ಲೇ ಇದನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಅವರು ಕೂರಿಸಿದ ಜನರಲ್ಲಿ ಶೇ 79ರಷ್ಟು ಮಂದಿ ಹೊಸ ಪುಟ ಕಂಡರೆ ಸುಮ್ನೆ ಕಣ್ಣಾಡಿಸುತ್ತಿದ್ದರು. ಪದಕ್ಕೆ ಪದ ಓದಿದವರು ಶೇ 16 ಮಾತ್ರ. ಇದನ್ನು ಹೇಳಿದರೆ, "ಅದು ಅಮೆರಿಕದ ಲೆಕ್ಕ, ನಮ್ಮವರು ಓದುತ್ತಾರೆ" ಅಂದುಬಿಟ್ಟರು. ವಾದ ಮಾಡಲಿಲ್ಲ. ಅವರ ಕೈಗೇ ಫೋನ್ ಕೊಟ್ಟು, ನಿಮ್ಮದೇ ವೆಬ್‌ಸೈಟಿನಲ್ಲಿ ಒಂದು ವರ್ಷದ ಠೇವಣಿಗೆ ಬಡ್ಡಿ ಎಷ್ಟು ನೋಡಿ ಹೇಳಿ ಸಾರ್ ಅಂದೆ. ತಮ್ಮ ಸಂದೇಶವನ್ನೇ ಬೆರಳಲ್ಲಿ ಸರ್ರನೆ ತಳ್ಳಿ ಕೆಳಗೆ ಹೋದರು. ಆ ಫ್ಲೆಕ್ಸ್ ಫೋಟೊ ತಲುಪಿ, ಕನ್ನಡಕ ಮೇಲೆತ್ತಿ ನೋಡಿ, ಕಾರ್ಯದರ್ಶಿಗಳ ಕಡೆ ತಿರುಗಿ "ಎಷ್ಟ್ರೀ ಈಗ?" ಅಂತ ಕೇಳಿದರು. ಸಂದೇಶ ಒಳಪುಟಕ್ಕೆ ಹೋಯಿತು. ಕಣಗಿನಹಾಳವೂ ಅದರ ಜೊತೆಗೇ ಹೋಯಿತು.

ಪದಗಳ ವಿಷಯದಲ್ಲಿ ಕೌಂಟರೇ ನನ್ನ ನಿಘಂಟು. ಮೊದಲ ಕರಡಿನಲ್ಲಿ ಪಿಗ್ಮಿಗೆ 'ದೈನಂದಿನ ಉಳಿತಾಯ ಠೇವಣಿ' ಅಂತ ಬರೆದಿದ್ದೆ. ನಾಚಿಕೆಯಾಗುತ್ತದೆ. 1928ರಲ್ಲಿ ಉಡುಪಿಯ ಬ್ಯಾಂಕಿನವರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದವರು, ಶುರು ಮಾಡಿದ ಯೋಜನೆಯ ಹೆಸರು ಅದು. ಮನೆ ಮನೆಗೆ ಬಂದು ಹತ್ತಿಪ್ಪತ್ತು ರೂಪಾಯಿ ಇಸಿದುಕೊಂಡು ಹೋಗುವ ಕ್ರಮಕ್ಕೆ ಇಡೀ ಕರ್ನಾಟಕದಲ್ಲಿ ಬೇರೆ ಹೆಸರೇ ಇಲ್ಲ. ಅದಕ್ಕೆ ನಾನೊಬ್ಬ ಹೊಸ ನಾಮಕರಣ ಮಾಡೋಕೆ ಹೊರಟಿದ್ದೆ. ಹಾಗೆಯೇ 'ನಾಮನಿರ್ದೇಶಿತರು' ಹೋಗಿ 'ನಾಮಿನಿ' ಬಂತು. 'ಠೇವಣಿ', 'ಜಾಮೀನು', 'ಕಂತು' ಹಾಗೇ ಉಳಿದವು, ಜನ ಅವನ್ನು ಆಡುತ್ತಾರೆ. ಅಚ್ಚಗನ್ನಡವೋ, ಸಂಸ್ಕೃತವೋ, ಇಂಗ್ಲಿಷೋ ಅನ್ನೋ ಜಗಳಕ್ಕೆ ನಾನು ಹೋಗಲಿಲ್ಲ. ಕೌಂಟರ್ ಆಚೆ ನಿಂತವರು ಏನಂತಾರೆ ಅನ್ನೋದಷ್ಟೇ ನೋಡಿದೆ.

ಗುಂಡಿಗಳ ಮೇಲಿನ ಬರಹ ಇನ್ನೊಂದು ತಮಾಷೆ. ವೆಬ್‌ಸೈಟ್ ಕಟ್ಟಿದ ಹುಡುಗ ಇಂಗ್ಲಿಷಿನಿಂದ ತಂದು 'ಹುಡುಕು', 'ಕಳುಹಿಸು', 'ತೆರೆ' ಅಂತ ಹಾಕಿದ್ದ. ನಾವು ಯಂತ್ರಕ್ಕೆ ಅಪ್ಪಣೆ ಕೊಡ್ತಿದ್ದೀವಿ, ಹಾಗಾಗಿ ಏಕವಚನ ಸರಿ ಅನ್ನೋದು ಅವನ ವಾದ. ತರ್ಕ ಸರಿಯೇ. ಆದರೆ ಎಪ್ಪತ್ತು ವರ್ಷದ ಹಿರಿಯ ಸದಸ್ಯರು ಅದನ್ನು ಓದೋದು ಸಂಘವೇ ತಮಗೆ 'ಕಳುಹಿಸು' ಅಂದ ಹಾಗೆ. ನಮ್ಮಲ್ಲಿ ಹಿರಿಯರನ್ನು ಯಾರು ಹಾಗೆ ಮಾತಾಡಿಸ್ತಾರೆ? ಎಲ್ಲ 'ಕಳುಹಿಸಿ', 'ನೋಡಿ' ಆಯಿತು. 'ಇಲ್ಲಿ ಕ್ಲಿಕ್ ಮಾಡಿ' ಅಂತಿದ್ದ ಕಡೆ 'ಬಡ್ಡಿ ದರ ನೋಡಿ', 'ಅರ್ಜಿ ಫಾರಂ ಇಳಿಸಿಕೊಳ್ಳಿ' ಅಂತ ಬರೆದೆ. ಸಾಲುಗಳ ನಡುವಿನ ಜಾಗವನ್ನೂ ಅವನು ಇಂಗ್ಲಿಷಿನ ಅಳತೆಗೇ ಬಿಟ್ಟಿದ್ದ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಅಕ್ಷರದ ಅಳತೆಯ 1.2 ಪಟ್ಟು ಇದ್ದದ್ದನ್ನು 1.7ಕ್ಕೆ ಏರಿಸಿದ ಮೇಲೆ ಉಸಿರಾಡುವ ಹಾಗಾಯಿತು.

ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು ಒಂದು ಸೊನ್ನೆ. ಹೊಸ ವೆಬ್‌ಸೈಟ್ ಬಂದು ಎರಡು ತಿಂಗಳಾದರೂ, ಸಂಘದ ಹೆಸರನ್ನು ಕನ್ನಡದಲ್ಲಿ ಹಾಕಿ ಹುಡುಕಿದರೆ ನಮ್ಮ ಪುಟ ಸಿಗುತ್ತಿರಲಿಲ್ಲ. ಹೆಸರು ತಲೆಬರಹದಲ್ಲೇ ದೊಡ್ಡದಾಗಿ ಇತ್ತು. ಒಂದು ಮಧ್ಯಾಹ್ನ ನನ್ನದೇ ಪುಟದಲ್ಲಿ 'ಸಂಘ' ಅಂತ ಹುಡುಕಿದೆ. ತಲೆಬರಹವನ್ನು ಬಿಟ್ಟು ಉಳಿದ ಎಲ್ಲವನ್ನೂ ತೋರಿಸಿತು. ಆ ಹೆಸರನ್ನು ಹಳೇ ಲೆಟರ್‌ಹೆಡ್ಡಿನ ಫೈಲಿನಿಂದ ಎತ್ತಿ ಹಾಕಿದ್ದೆವು. ಅದರಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆ ಒತ್ತಿದ್ದರು. ಸಂಘ, ಸ೦ಘ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡನೆಯದು 'ಸ', ಒಂದು ಸೊನ್ನೆ, 'ಘ'. ಅದು ಪದವೇ ಅಲ್ಲ. ತಿದ್ದಿದ ಮೇಲೆ ಕೆಲವೇ ದಿನದಲ್ಲಿ ಪುಟ ಸಿಗತೊಡಗಿತು. ಹಳೇ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿದಾಗಲೂ ಇಂಥ ಕಸ ಸೇರಿಕೊಳ್ಳುತ್ತದೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಅದಕ್ಕೇ ಈಗ ಹಳೆಯದು ಎಷ್ಟೇ ಇದ್ದರೂ ಮುಖ್ಯ ಪುಟಗಳನ್ನು ಹೊಸದಾಗಿ ಟೈಪ್ ಮಾಡಿಬಿಡುತ್ತೇನೆ.

ಇದರ ನಡುವೆ ಒಂದು ಎಡವಟ್ಟೂ ಮಾಡಿಕೊಂಡೆ. ಒಂದು ವರ್ಷದ ಠೇವಣಿಯ ಬಡ್ಡಿ ದರವನ್ನು ಮೂರು ಕಡೆ ಬರೆದಿದ್ದೆ: ಮೊದಲ ಪುಟದಲ್ಲಿ, ಠೇವಣಿ ಪುಟದಲ್ಲಿ, ಹಿರಿಯ ನಾಗರಿಕರ ಪುಟದಲ್ಲಿ. ದರ ಇಳಿಯಿತು. ಸಿಬ್ಬಂದಿ ಎರಡು ಕಡೆ ಬದಲಾಯಿಸಿದರು. ನಿವೃತ್ತ ಮೇಷ್ಟ್ರೊಬ್ಬರು ಮೂರನೇ ಪುಟವನ್ನು ಪ್ರಿಂಟ್ ತೆಗೆಸಿಕೊಂಡು, ಅಂಕಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಕೌಂಟರಿನಲ್ಲಿ ಇಟ್ಟರು. ಅವರದ್ದೇನೂ ತಪ್ಪಿರಲಿಲ್ಲ. ಕಾರ್ಯದರ್ಶಿಗಳು ಸಮಾಧಾನ ಮಾಡಿ ಕಳುಹಿಸಿ ನನಗೆ ಫೋನ್ ಮಾಡಿದರು. ಆಮೇಲೆ ಬದಲಾಗುವ ಅಂಕಿ ಒಂದೇ ಜಾಗದಲ್ಲಿ, ಪಕ್ಕದಲ್ಲಿ 'ಈ ದರ ಇಂಥ ತಾರೀಕಿನಿಂದ' ಅಂತ ದಿನಾಂಕ. ಉಳಿದ ಕಡೆ ಅಲ್ಲಿಗೆ ದಾರಿ ತೋರಿಸೋದು ಮಾತ್ರ.

ಆರು ತಿಂಗಳು ಬಿಟ್ಟು ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಅರ್ಧ ದಿನ ಕೂತೆ. ಏನು ತರಬೇಕು, ಬಡ್ಡಿ ಎಷ್ಟು ಅನ್ನೋ ಫೋನುಗಳು ಕಮ್ಮಿಯಾಗಿವೆ ಅಂದಳು ಕೌಂಟರಿನ ಹುಡುಗಿ. "ಆದ್ರೆ ಸಾರ್, ಬೆಳಿಗ್ಗೆಯಿಂದ ಒಂದೇ ಪ್ರಶ್ನೆ" ಅಂದು, ರಿಂಗಾಗುತ್ತಿದ್ದ ಫೋನೆತ್ತಿ ಸ್ಪೀಕರಿಗೆ ಹಾಕಿದಳು.

"ಹಲೋ, ಇವತ್ತು ಸರಾಫರು ಇದಾರಾ?"

ಸರಾಫರಿಗೆ ಪೇಟೆಯಲ್ಲಿ ತಮ್ಮದೇ ಅಂಗಡಿ ಇದೆ, ದಿನಾ ಬರಲ್ಲ. ಅಷ್ಟೆಲ್ಲ ಬರೆದಿದ್ದ ನಾನು ಇದನ್ನೇ ಬಿಟ್ಟಿದ್ದೆ. ಹಳ್ಳಿಯಿಂದ ಬಸ್ಸು ಹತ್ತಿ ಬಂದವರು ಒಡವೆ ಹಿಡಿದುಕೊಂಡು ವಾಪಸ್ ಹೋಗುತ್ತಿದ್ದರು. ಅಲ್ಲೇ ಕೂತು ಒಂದು ಸಾಲು ಸೇರಿಸಿದೆ: "ಸರಾಫರು ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 11ರಿಂದ 2ರವರೆಗೆ ಇರುತ್ತಾರೆ." ಈಗ ಬಂಗಾರದ ಸಾಲದ ಪುಟ ಶುರುವಾಗೋದು ಆ ಸಾಲಿನಿಂದ. ಅವರು ರಜೆ ಹಾಕಿದ ದಿನ ಅದನ್ನು ಬದಲಾಯಿಸೋದು ಕೌಂಟರಿನ ಹುಡುಗಿಯೇ. ಹೇಗೆ ಅಂತ ಅವತ್ತೇ ಹೇಳಿಕೊಟ್ಟು ಬಂದೆ.